ಏಳನೆಯ ಮೂಳೆ

ನನ್ನ ನಾಯಿ ಪಿಕಲ್‌ನನ್ನು ಕಳ್ಳ ಎಂದವಳು ಪ್ರೊಫೆಸರ್ ಸೋಲ್ವೇಗ್. ಕಪ್ಪೆಗಳ ಬಗ್ಗೆ ಅವಳಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ನಾಯಿಗಳ ಬಗ್ಗೆ ಗೊತ್ತಿರುವುದೂ ಏನೂ ಇಲ್ಲ.

ಫ್ಲೋರಿಡಾದಿಂದ ಮಿನೆಸೋಟಾದ ನಮ್ಮ ಪುಟ್ಟ ಕಾಲೇಜಿಗೆ ಒಂದು ಪೆಟ್ಟಿಗೆ ಬಂದಿತ್ತು. ಒಳಗೆ ಮ್ಯಾನಟಿ ಎಂಬ ಕಡಲಹಸುವಿನ ಮೂಳೆಗಳು. ಅವನ್ನು ತಂತಿಯಲ್ಲಿ ಪೋಣಿಸಿ ನಿಲ್ಲಿಸುವುದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಕತ್ತು ಜೋಡಿಸುತ್ತ ಹೋದರೆ ಮೂಳೆ ಆರಕ್ಕೇ ಮುಗಿಯಿತು.

ಸೋಲ್ವೇಗ್ ಕನ್ನಡಕ ಏರಿಸಿ ಬಂದಳು. ಇಲಿಯ ಕತ್ತಿಗೂ ಏಳು, ಜಿರಾಫೆಯ ಕತ್ತಿಗೂ ಏಳು. ಹಾಲೂಡುವ ಪ್ರಾಣಿಯ ಕತ್ತು ಉದ್ದವಾದೀತು, ಗಿಡ್ಡವಾದೀತು, ಲೆಕ್ಕ ಮಾತ್ರ ತಪ್ಪದು. ಗರ್ಭದಲ್ಲಿ ಆ ಲೆಕ್ಕ ಕೆದಕಿದರೆ ಬೇರೆಲ್ಲೋ ಎಡವಟ್ಟಾಗಿ ಮರಿ ಉಳಿಯುವುದಿಲ್ಲ ಎಂದು ಪ್ರತಿ ವರ್ಷ ಪಾಠ ಹೇಳುವವಳು ಅವಳು. ಆಮೇಲೆ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಪಿಕಲ್ ಬಾಯಿ ಚಪ್ಪರಿಸುತ್ತ ಮಲಗಿದ್ದ.

"ನೋಡೇ ವರ್ನಾ, ಸೋಮವಾರದಿಂದ ಇವನು ಇಲ್ಲಿಗೆ ಬರಕೂಡ್ದು."

ನನಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಒಬ್ಬನೇ ಬಿಟ್ಟರೆ ಪಿಕಲ್ ಊಳಿಡುತ್ತಾನೆ. ನಾಯಿ ಬೇಕೋ ಮನೆ ಬೇಕೋ ಎಂದು ಓನರ್ ಆಗಲೇ ಕೇಳಿಯಾಗಿತ್ತು. ಕಡಲಹಸುವಿನ ಮೂಳೆ ಕಲ್ಲಿನಷ್ಟು ಗಟ್ಟಿ, ಇವನಿಗೆ ಬೆಂದ ಆಲೂಗಡ್ಡೆಯೇ ಕಷ್ಟ, ಹಲ್ಲೆಲ್ಲಿದೆ ಎಂದೆ. ಎಲ್ಲೋ ಹೂತಿಟ್ಟಿರಬೇಕು ಎಂದಳು. ಮೊಸರು ತಿಂದ ಕೋತಿ ಯಾವುದೋ ಗೊತ್ತಿಲ್ಲ, ಬಾಯಿಗೆ ಒರೆಸಿಸಿಕೊಂಡ ಮೇಕೆ ಮಾತ್ರ ನನ್ನದು.

ಸೋಲ್ವೇಗ್ ಪ್ಲಾಸ್ಟರಿನಲ್ಲಿ ಏಳನೆಯದೊಂದನ್ನು ಮಾಡಿ ಕತ್ತಿಗೆ ತುರುಕಿದಳು. ಕಡಲಹಸು ಪಕ್ಕದ ಮನೆಯೊಳಗೆ ಇಣುಕುವಂತೆ ಕಂಡಿತು.

ಶುಕ್ರವಾರ, ಫ್ಲೋರಿಡಾದಿಂದ ಪೆಟ್ಟಿಗೆ ಕಳಿಸಿದ್ದ ಲುವೆಲ್ಲಾಗೆ ನಾನು ಫೋನ್ ಮಾಡಿ, ಹೆಚ್ಚುವರಿ ಕತ್ತಿನ ಮೂಳೆ ಒಂದಿದ್ದರೆ ಕೊಡಿ, ನನ್ನ ನಾಯಿ ಬದುಕಿಕೊಳ್ಳುತ್ತದೆ ಎಂದು ಬೇಡಿಕೊಂಡೆ. ಆ ಕಡೆಯಿಂದ ನಗು ನಿಲ್ಲಲೇ ಇಲ್ಲ.

"ಅದಕ್ಕಿರೋದೇ ಆರು ಕಣಮ್ಮಾ. ಏಳರ ಕಟ್ಟು ಮೀರಿರೋದು ಇದು, ಇನ್ನು ಮರದಲ್ಲಿ ತೂಕಡಿಸೋ ಸ್ಲಾತ್, ಅಷ್ಟೇ. ನಿಧಾನವಾಗಿ ಬದುಕೋರಿಗೆ ಅಂಥ ತಪ್ಪು ಅರಗುತ್ತೆ ಅಂತಾರೆ."

ಫೋನನ್ನು ಸೋಲ್ವೇಗ್ ಕೈಗೆ ಕೊಟ್ಟೆ. ಕೇಳುತ್ತಿದ್ದಂತೆ ಅವಳ ಕಿವಿ ಕೆಂಪಾಗುತ್ತ ಹೋಯಿತು. ಪ್ಲಾಸ್ಟರ್ ಮೂಳೆಯನ್ನು ಕಿತ್ತು ತಂದು ಪಿಕಲ್ ಮುಂದೆ ಮಂಡಿಯೂರಿದಳು.

"ಇಷ್ಟು ವರ್ಷ ತಪ್ಪು ಪಾಠ ಹೇಳಿದ್ದು ನಾನು, ಬೈಸ್ಕೊಂಡಿದ್ದು ನೀನು. ತಗೋಪ್ಪ, ಇದು ನಿಂದೇ."

ಅಲ್ಲೇ ಅವಳ ಬೆನ್ನು ಹಿಡಿದುಕೊಂಡಿತು. ನಾಲ್ಕು ಕಾಲಿನ ಬೆನ್ನನ್ನು ಎರಡು ಕಾಲಿನ ಮೇಲೆ ನಿಲ್ಲಿಸಿದರೆ ಇದೇ ಗತಿ ಎಂದು ನರಳಿದಳು. ಎಬ್ಬಿಸಬಹುದಿತ್ತು. ಸ್ವಲ್ಪ ಹೊತ್ತು ಹಾಗೇ ಇರಲಿ ಎಂದು ಕಾಫಿ ಬಗ್ಗಿಸಿಕೊಂಡೆ.

ಪಿಕಲ್ ಆ ಮೂಳೆಯನ್ನು ಮೂಸಿ, ಮೂತಿಯಿಂದ ತನ್ನ ಹಾಸಿಗೆಗೆ ತಳ್ಳಿಕೊಂಡು, ಅದರ ಮೇಲೆ ಕತ್ತಿಟ್ಟು ಮಲಗಿದ. ಈಗಲೂ ಪ್ರತಿದಿನ ಅಲ್ಲೇ ಮಲಗುತ್ತಾನೆ. ಯಾರು ಹತ್ತಿರ ಹೋದರೂ ಗುರ್ ಎನ್ನುತ್ತಾನೆ, ಸೋಲ್ವೇಗ್ ಬಂದರೆ ಸ್ವಲ್ಪ ಜಾಸ್ತಿ.