ಕರ್ಪೂರದ ಪಾರಣೆ

ತೇರದಾಳದ ನಮ್ಮ ಹಿತ್ತಲಲ್ಲಿ ಅತ್ತೆ ನೆಟ್ಟ ಕರ್ಪೂರ ತುಳಸಿ ಇದೆ. ಅದರ ಎಲೆಯ ಜೀವಕೋಶಗಳು ಹತ್ತು ಇಂಗಾಲದ ಎಳೆಯನ್ನು ಮಡಚಿ ಉಂಗುರ ಮಾಡಿ ಕರ್ಪೂರ ಕಟ್ಟುತ್ತವೆ. ಎಲೆ ಉದುರಿದ ಮೇಲೆ ಆ ಕರ್ಪೂರವನ್ನು ಉಂಡು ಬದುಕುವ ಸೂಕ್ಷ್ಮಜೀವಿ ಬುಡದ ಮಣ್ಣಿನಲ್ಲೇ ಇದೆ ಎಂದು ನನ್ನ ಹಟ. ಎರಡು ವರ್ಷದ ಪಿಎಚ್.ಡಿ. ಈ ಹಟದ ಮೇಲೆ ನಿಂತಿತ್ತು. ಸೋಮವಾರದೊಳಗೆ ತೋರಿಸು, ಇಲ್ಲವೇ ವಿಷಯ ಬಿಡು ಎಂದು ಗೈಡ್ ಹೇಳಿಯಾಗಿತ್ತು.

ಕಾಲೇಜಿಗೆ ರಜೆ, ಹಾಗಾಗಿ ಬಾಟಲಿಗಳು ನಮ್ಮ ಪಡಸಾಲೆಯಲ್ಲೇ ಇದ್ದವು. ಎರಡರಲ್ಲೂ ಲವಣದ ನೀರು, ಆ ಮಣ್ಣಿನ ಜೀವಿಗಳು. ಒಂದಕ್ಕೆ ಕರ್ಪೂರದ ಬಿಲ್ಲೆ ಹಾಕಿದ್ದೆ. ಹೋಲಿಸಿ ನೋಡಲೆಂದು ಇನ್ನೊಂದಕ್ಕೆ ಏನೂ ಇಲ್ಲ. ಜೀವಿಗಳು ಉಂಡು ಬೆಳೆದರೆ ನೀರು ಕದಡಬೇಕು. ಹತ್ತು ದಿನವಾದರೂ ಎರಡೂ ತಿಳಿಯಾಗಿಯೇ ಇದ್ದವು. ನನಗೆ ಅಳುವುದೊಂದೇ ಬಾಕಿ.

"ಈ ಬಾಟ್ಲ್ಯಾಗಿನವು ಏನ ತಿಂತಾವು?" ಎಂದು ಮಾವ ಅನಂತಪ್ಪನವರು ಏನೂ ಹಾಕದ ಬಾಟಲಿ ತೋರಿಸಿ ಒಮ್ಮೆ ಕೇಳಿದ್ದರು.

"ಅವಕ್ಕ ಉಪಾಸರಿ," ಎಂದಿದ್ದೆ.

ಶುಕ್ರವಾರ ಬೆಳಗ್ಗೆ ನೋಡಿದರೆ ಉಪವಾಸದ ಬಾಟಲಿಯೇ ಕದಡಿದೆ.

"ಇದನ್ನ ಯಾರು ಮುಟ್ಟಿದ್ರಿ?"

"ನಾನವ್ವಾ," ಎಂದರು ಮಾವ. "ಮೂರು ದಿನದ ಹಿಂದ ಚತುರ್ದಶಿ ಉಪಾಸ ಮುಗಿಸಿ ಉಣ್ಣಾಕ ಕುಂತಿದ್ದೆ. ಇವು ಹಸದಾವು ಅಂತ ತುತ್ತು ಇಳೀಲಿಲ್ಲ. ಸಾಸಿವಿ ಕಾಳಿನಷ್ಟು ಕರ್ಪೂರ ಹಾಕೇನಿ."

"ಎರಡು ವರ್ಷದ ಕೆಲಸ ಹಾಳ ಮಾಡಿದ್ರಿ ನೀವು," ಎಂದುಬಿಟ್ಟೆ. ಆಮೇಲೆ ತಲೆಗೆ ಹೊಳೆಯಿತು. "ಅಷ್ಟೇ ಯಾಕ ಹಾಕಿದ್ರಿ?"

"ಹಸದವ್ರಿಗೆ ಒಮ್ಮೆಲೇ ಹೊಟ್ಟಿ ತುಂಬ ಕೊಡಬಾರದು. ಉಪಾಸ ಬಿಡೂ ಪಾರಣಿಗೆ ಮೊದಲ ಒಂದ ಗುಟುಕು ಬಿಸಿನೀರು. ಆಮ್ಯಾಲ ಗಂಜಿ."

ನಾನು ಅಲ್ಲೇ ಕೂತೆ. ನನ್ನ ಅಷ್ಟು ದೊಡ್ಡ ಬಿಲ್ಲೆಯೇ ಅವುಗಳಿಗೆ ವಿಷವಾಗಿತ್ತು.

ಎರಡು ಹೊಸ ಬಾಟಲಿ ಹೂಡಿ ಒಂದಕ್ಕೆ ಸಾಸಿವೆಯಷ್ಟೇ ಕರ್ಪೂರ ಹಾಕಿದೆ, ಇನ್ನೊಂದಕ್ಕೆ ಉಪವಾಸ. ಮೂರು ದಿನ ಕರ್ಪೂರದ ಬಾಟಲಿಯ ಮುಂದೆ ಮಂಪರಿನಲ್ಲಿ ಕೂತಿದ್ದೆ. ಒಳಗೆ ಕೋಟಿಗಟ್ಟಲೆ ಸಣ್ಣ ಬಾಯಿಗಳು, ಉಂಗುರಕ್ಕೆ ಆಮ್ಲಜನಕ ಸಿಕ್ಕಿಸಿ, ಗಂಟು ಸಡಿಲಿಸಿ, ಎಲೆ ಕಟ್ಟಿದ್ದನ್ನು ಸದ್ದಿಲ್ಲದೆ ಬಿಚ್ಚುತ್ತಿದ್ದವು. ಕರ್ಪೂರದ ವಾಸನೆ ದಿನದಿನಕ್ಕೆ ತೆಳುವಾಯಿತು. ನಾನೂ ಸ್ವಲ್ಪ ಸ್ವಲ್ಪ ಕರಗುತ್ತಿದ್ದೇನೆ ಅನಿಸಿ ಹಾಯೆನಿಸುತ್ತಿತ್ತು. ಸೋಮವಾರ ಆ ಬಾಟಲಿ ಕದಡಿತು, ಉಪವಾಸದ ಜೊತೆಯದು ತಿಳಿಯಾಗಿಯೇ ಉಳಿಯಿತು. ಫೋಟೊ ನೋಡಿ ಗೈಡ್ ಮುಂದುವರಿಸು ಎಂದರು.

"ಇನ್ನ ಇವನ್ನ ಏನ ಮಾಡ್ತಿ?" ಎಂದರು ಮಾವ.

"ಮುಂದಿನ ಕೆಲಸಕ್ಕ ಒಂದ ಹನಿ ತಗದಿಟ್ಟು, ಉಳಿದದ್ದು ಕುಕ್ಕರಿನ್ಯಾಗ ಕುದಿಸಿ ಚೆಲ್ಲೂದ್ರಿ. ನಿಯಮ ಐತಿ."

ನಮ್ಮದು ಸಣ್ಣ ಜೀವಿಯನ್ನೂ ಕೊಲ್ಲದ ಜೈನರ ಮನೆ. ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಮಾವ ಬರಲಿಲ್ಲ. ಮರುದಿನವೂ ಹಸಿವಿಲ್ಲ ಎಂದರು. ಹಟದಲ್ಲಿ ನಾವಿಬ್ಬರೂ ಸರಿಜೋಡಿ. ನಾನು ಕುಕ್ಕರಿಗೆ ನೀರು ಹಾಕಿ ಒಲೆಯ ಮೇಲಿಟ್ಟೆ. ಬಾಟಲಿ ಕೈಗೆತ್ತಿಕೊಂಡಾಗ ಮಾತ್ರ ಒಳಗಿನ ಆ ಸಣ್ಣ ಬಾಯಿಗಳು ನೆನಪಾದವು.

ಒಲೆ ಆರಿಸಿದೆ. ಹನಿ ತೆಗೆದಿಟ್ಟು, ಮಾವ ನೋಡುತ್ತಿದ್ದಂತೆ ಬಾಟಲಿಗಳನ್ನು ತುಳಸಿಯ ಬುಡಕ್ಕೆ, ತಂದ ಮಣ್ಣಿಗೇ ಸುರಿದೆ.

ಆಮೇಲೆ ಬಿಸಿನೀರು ತಂದು ಅವರ ಮುಂದೆ ಕೂತೆ. ಮೊದಲು ಒಂದೇ ಗುಟುಕು ಕೊಟ್ಟೆ.