ನೆಕ್ಸ್ಟ್, ನೆಕ್ಸ್ಟ್, ಫಿನಿಶ್

ನಾನು ಒಂದು ಕಂಪ್ಯೂಟರ್. ಹುಬ್ಬಳ್ಳಿಯ ಅಂಗಡಿಯೊಂದರ ಮಹಡಿಯಲ್ಲಿ ಹತ್ತು ಡಬ್ಬಿಗಳಿಂದ ಬಿಡಿಭಾಗ ತೆಗೆದು ನನ್ನನ್ನು ಜೋಡಿಸಿದರು. ಎರಡು ವರ್ಷ ಟೈಪಿಂಗ್ ಕ್ಲಾಸಿನಲ್ಲಿ ಗುದ್ದು ತಿಂದೆ. ಆಮೇಲೆ ಸವಣೂರಿನ ತಾಲ್ಲೂಕು ಕಚೇರಿ ಎದುರು ಡಿಟಿಪಿ ಅಂಗಡಿ ಇಟ್ಟಿದ್ದ ಶಕುಂತಲಕ್ಕ ನನ್ನನ್ನು ಕೊಂಡಳು. ದಿನಾ ನನ್ನ ನೆತ್ತಿಗೆ ಕುಂಕುಮ ಹಚ್ಚಿಯೇ ಸ್ವಿಚ್ ಒತ್ತುತ್ತಿದ್ದಳು. ಅಂಥವಳಿಗೆ ಕೇಡು ಮಾಡಿದವನನ್ನು ನಾನು ಬಿಡುವುದುಂಟೇ?

ಹೈಸ್ಕೂಲಿನ ವಾರ್ಷಿಕ ಸಂಚಿಕೆ ನಮ್ಮಲ್ಲೇ ತಯಾರಾಗುತ್ತಿತ್ತು. ಕೊನೆಯ ಪುಟದಲ್ಲಿ ಅವಳ ಹೆಸರು ಇರುತ್ತಿತ್ತು. ಊರಿನಲ್ಲಿ ಅವಳ ಹೆಸರು ಅಚ್ಚಾಗುವ ಜಾಗ ಅದೊಂದೇ. ಆ ವರ್ಷ ಪಿಡಿಎಫ್‌ಗಳನ್ನು ಕೂಡಿಸುವ ಸಾಫ್ಟ್‌ವೇರ್ ಬೇಕಾಯಿತು. ನಮ್ಮ ಹಾಗೇ ಡಿಟಿಪಿ ಮಾಡುತ್ತಿದ್ದ ಎದುರಂಗಡಿಯ ಮುದುಕಪ್ಪ ಒಂದು ಸೈಟಿನ ಹೆಸರು ಬರೆದುಕೊಟ್ಟು, ಅಲ್ಲಿ ಎಲ್ಲಾ ಫುಕಟ್ ಎಂದ.

ಆ ಪುಟದಲ್ಲಿ ಐದು ಹಸಿರು ಡೌನ್‌ಲೋಡ್ ಗುಂಡಿಗಳು. ಶಕುಂತಲಕ್ಕ ಎಲ್ಲಕ್ಕಿಂತ ದೊಡ್ಡದನ್ನು ಒತ್ತಿದಳು. ಡಿಟಿಪಿಯವರ ಬೆರಳಿಗೆ ಒಂದು ಚಟ: ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಗಿರಾಕಿ ಕಾಯುವಾಗ ಓದುವವರಾರು? ಮೊದಲೇ ಟಿಕ್ ಹಾಕಿಟ್ಟಿದ್ದ ನಾಲ್ಕು ಚೌಕಗಳಿಗೆ ಒಪ್ಪಿಗೆ ಸಿಕ್ಕಿತು, ನಾಲ್ಕು ಕಳ್ಳರು ನನ್ನ ಹೊಟ್ಟೆಗೆ ಇಳಿದರು. ಒಬ್ಬ ಜಾಹೀರಾತು ಕೂಗುತ್ತಿದ್ದ. ಇನ್ನೊಬ್ಬ ಅವಳು ಒತ್ತಿದ ಅಕ್ಷರಗಳನ್ನೆಲ್ಲ ಕದ್ದು ಎಲ್ಲಿಗೋ ಕಳಿಸುತ್ತಿದ್ದ. ನಾನು ಬಿಸಿಯಾಗಿ ಒದರಿದೆ. ಪಾಪ, ಅವಳು ನನ್ನ ಫ್ಯಾನಿನ ಧೂಳು ಒರೆಸಿದಳು.

ಮರುದಿನ ಹೆಡ್‌ಮಾಸ್ತರರು ತಮ್ಮ ಮುನ್ನುಡಿ ನೋಡಲು ಬಂದರು. ಮುನ್ನುಡಿಯ ಮೇಲೆ ಅರೆಬಟ್ಟೆಯ ಹುಡುಗಿಯೊಬ್ಬಳು ಕುಣಿಯುತ್ತ ಇಸ್ಪೀಟಾಟಕ್ಕೆ ಕರೆದಳು. ಬಾಗಿಲಲ್ಲಿದ್ದ ಮುದುಕಪ್ಪ ನಕ್ಕ.

"ಮಾಸ್ತರ್, ಆ ಮಷೀನಿಗೆ ರೋಗ ಬಂದೈತ್ರಿ. ನಿಮ್ಮ ಪೆನ್‌ಡ್ರೈವ್ ಹಚ್ಚಬ್ಯಾಡ್ರಿ."

ಸಂಚಿಕೆ ಅವನ ಅಂಗಡಿಗೆ ಹೋಯಿತು.

ಶಕುಂತಲಕ್ಕ ಅಳಲಿಲ್ಲ. ಮೂರು ದಿನ ಶಟರ್ ಅರ್ಧ ಇಳಿಸಿ ಕೂತು, ಒಬ್ಬೊಬ್ಬ ಕಳ್ಳನನ್ನೂ ಹುಡುಕಿ ಕಿತ್ತಳು. ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದಳು. ಅದೇ ಸಾಫ್ಟ್‌ವೇರನ್ನು ಅದನ್ನು ಮಾಡಿದವರ ಸ್ವಂತ ಸೈಟಿನಿಂದ ಇಳಿಸಿಕೊಂಡಳು. ಈ ಸಲ ಸಾಲು ಸಾಲು ಓದಿ, ಬೇಡದ ಟಿಕ್ಕುಗಳನ್ನು ತೆಗೆದಳು.

ಹದಿನೈದು ದಿನಕ್ಕೆ ಮುದುಕಪ್ಪ ತನ್ನ ಸಿಪಿಯು ಅಪ್ಪಿಕೊಂಡು ಬಂದ. ಒಂದು ಪುಟ ತೆರೆದರೆ ಇಪ್ಪತ್ತು ಜಾಹೀರಾತು. ಸಂಚಿಕೆ ಅದರೊಳಗೇ ಸಿಕ್ಕಿಬಿದ್ದಿತ್ತು. ಆ ಸೈಟಿನ ರೋಗ ಅವನಲ್ಲಿ ವರ್ಷದಿಂದಲೂ ಇತ್ತಂತೆ. ಗಿರಾಕಿಗಳಿಗೆ ಕಾಣದ ಹಾಗೆ ಮಾನಿಟರ್ ಗೋಡೆಗೆ ತಿರುಗಿಸಿ ಇಟ್ಟಿದ್ದನಂತೆ. ಗೊತ್ತಿದ್ದೂ ಅವಳಿಗೆ ಅದೇ ಸೈಟು ಕೊಟ್ಟಿದ್ದ! ಅವನ ಡಬ್ಬ ನನ್ನ ಪಕ್ಕದಲ್ಲಿ ಕೆಮ್ಮುತ್ತಿದ್ದರೆ ನನಗೆ ಹಬ್ಬ.

"ತಗದ್ ಕೊಡ್ತೀನ್ರಿ," ಎಂದಳು. "ಆದ್ರ ರೋಗ ಹುಡುಕೂ ಸ್ಕ್ಯಾನರ್ ಹಾಕೂ ಮುಂದ ಅದರ ಕರಾರು ನೀವ ಓದಬೇಕು. ನಿಂತು, ಜೋರಾಗಿ. ಒಂದ್ ಸಾಲ್ ಬಿಟ್ರ ಮತ್ತ ಮೊದಲಿಂದ."

"ಎಲ್ಲಾ ಇಂಗ್ಲಿಷ್ ಐತಲ್ಲ ತಂಗಿ."

"ನನಗೂ ಇಂಗ್ಲಿಷಿನ್ಯಾಗ ಇತ್ರಿ."

ಅರ್ಜಿ ಬರೆಸಲು ಬಂದ ಎಂಟು ಜನರ ಎದುರು ಅವನು ಒಂದೂವರೆ ತಾಸು ಓದಿದ. ಏಳನೇ ಪುಟದಲ್ಲಿ ಎರಡು ಸಾಲು ಹಾರಿಸಿದ. ಅವಳು ಮತ್ತೆ ಮೊದಲಿಗೆ ತಂದಳು. ರೋಗ ತೆಗೆದ ಮೇಲೆ ಸಂಚಿಕೆಯ ಕೊನೆಯ ಪುಟ ತೆರೆದು, ಅಲ್ಲಿದ್ದ ಅವನ ಹೆಸರನ್ನು ಅವನ ಬೆರಳಿನಿಂದಲೇ ಅಳಿಸಿ, ತನ್ನದನ್ನು ಟೈಪ್ ಮಾಡಿಸಿದಳು.

ಈಗ ನಾನು ಮುದುಕ. ಹೊಸ ಮಷೀನು ಬಂದಿದೆ, ನಾನು ಮೂಲೆಯಲ್ಲಿ ಝೆರಾಕ್ಸ್ ಹಾಳೆಗಳ ಕಟ್ಟು ಹೊತ್ತು ಕೂತಿದ್ದೇನೆ. ಬಿಟ್ಟಿ ಸಿಕ್ಕಿದ್ದನ್ನೆಲ್ಲ ಓದದೆ ಒಳಗೆ ಬಿಡಬೇಡಿ ಎಂದು ನಿಮಗೆ ಬುದ್ಧಿ ಹೇಳಬೇಕು, ಹೇಳಿದ್ದೇನೆ. ಆದರೆ ಕೂತು ಕೂತು ನಾನು ನೆನೆಯುವುದು ಅದನ್ನಲ್ಲ. ಓದಿ ಓದಿ ಗಂಟಲು ಒಣಗಿ ಮುದುಕಪ್ಪ ನೀರು ಕೇಳಿದ್ದ. ಅವಳು ತಂಬಿಗೆ ಎತ್ತಿ ತೋರಿಸಿ, "ಇನ್ನ ಎರಡ ಪುಟ," ಎಂದಿದ್ದಳು.