ಗಟಾರಿಯ ಬಾಟಲಿ

ಶ್ರಾವಣಕ್ಕೆ ಮುಂಚಿನ ಅಮಾವಾಸ್ಯೆಗೆ ಗಟಾರಿ ಎಂಬ ಹೆಸರು ಹೇಗೆ ಬಂತೆಂದು ಅವರ್ಸಾದ ಬೋಟಿನ ಮಾಲೀಕ ಮಾಬ್ಲೇಶ್ವರ ಪ್ರತಿವರ್ಷ ವಿವರಿಸುತ್ತಿದ್ದ, ಅದೂ ಮೊದಲ ಗ್ಲಾಸು ಖಾಲಿಯಾದ ಮೇಲೆ.

“ಗತ ಅಂದ್ರೆ ಹೋದದ್ದು. ಗತ, ಆಹಾರ. ಗತಾಹಾರ! ಮಾಂಸ, ಮದ್ಯ ಬಿಡೂ ವ್ರತ ಇದು. ಸಂಸ್ಕೃತ ರೇ!”

ಬಿಡುವ ಮೊದಲು ಗಂಟಲತನಕ ತುಂಬಿಕೊಳ್ಳುವ ವ್ರತ. ತೆಂಗಿನ ತೋಟದಲ್ಲಿ ಕೋಳಿ ಸಾರಿನ ಸುತ್ತ ಕೂತ, ಬೋಟಿನಲ್ಲಿ ಬಲೆ ಎಳೆಯುವ ಖಲಾಸಿಗಳು ಭಕ್ತಿಯಿಂದ ತಲೆದೂಗುತ್ತಿದ್ದರು.

ವ್ರತಕ್ಕೊಂದು ಬಾಲವೂ ಇತ್ತು. ಅಂದು ಮಾಲೀಕ ಕೊಟ್ಟ ಬಾಟಲಿ ಮುಟ್ಟಿದ ಖಲಾಸಿ ಇಡೀ ಹಂಗಾಮು ಅವನ ಬೋಟಿಗೇ ಹೋಗಬೇಕು. ಕಾಗದವಿಲ್ಲ, ಸಹಿಯಿಲ್ಲ, ಗುಟುಕೇ ಕರಾರು.

ಅವರಲ್ಲೊಬ್ಬನಾದ ಕಿಶನ ಈ ಸಲ ಮುಟ್ಟುವುದಿಲ್ಲವೆಂದು ನಿರ್ಧರಿಸಿದ್ದ. ಹೋದ ವರ್ಷ ಜೊತೆಯ ಖಲಾಸಿ ಬೀರು ಕಡಲಿಗೆ ಬಿದ್ದು ಮುಳುಗಿ ಸತ್ತಾಗ, ಅವನತ್ತ ಎಸೆಯಲು ಮಾಬ್ಲೇಶ್ವರನ ಬೋಟಿನಲ್ಲಿ ತೇಲಿಸುವ ಒಂದು ಜಾಕೆಟ್ಟೂ ಇರಲಿಲ್ಲ. ಕಾರವಾರದ ಬೈತಖೋಲದ ಇನ್ನೊಂದು ಬೋಟಿನವರು ಬಾ ಎಂದಿದ್ದರು. ಹೇಳಿ ಹೋಗೋಣವೆಂದು ತೋಟಕ್ಕೆ ಬಂದರೆ, ಅಪ್ಪ ಜಟ್ಟು ಗಟಾರದ ಅಂಚಿಗೆ ಒರಗಿ, ಖಾಲಿ ಬಾಟಲಿಯನ್ನು ಕೂಸಿನಂತೆ ಅಪ್ಪಿಕೊಂಡಿದ್ದ.

“ನಿನ್ನ ಪಾಲಿಂದು ನಿನ್ ಅಪ್ಪಂಗೇ ಕೊಟ್ಟೆ ತಮಾ,” ಮಾಬ್ಲೇಶ್ವರ ನಕ್ಕ. “ನಾಡಿದ್ದು ಬೋಟಿಗೆ ಬಾ.”

ಕಿಶನ ಬಾಟಲಿಯ ಕಡೆ ಬೆರಳು ತೋರಿಸಿದ. “ವ್ರತದ್ದು ಅಂದ್ರೆ ಪ್ರಸಾದ ಅಲ್ದಾ ಮಾಬ್ಲೇಶ್ವರಣ್ಣ? ಪ್ರಸಾದ ತಿಂದವ್ರ ಹತ್ರ ಯಾವ ದೇವ್ರು ಬಲೆ ಎಳಸ್ತಾನೆ?”

ಖಲಾಸಿಗಳು ಕಿಸಕ್ಕೆಂದರು.

“ಅದು ಬೇರೆ, ಇದು ಬೇರೆ. ಕುಡ್ದ ಮೇಲೆ ಬರ್ಬೇಕು.”

“ಹೌದಾ? ಹಂಗಾರೆ ಕುಡ್ದಂವ ಬತ್ತಾನೆ, ತಕಳಿ!” ಕಿಶನ ಅಪ್ಪನ ರಟ್ಟೆ ಹಿಡಿದೆತ್ತಿ ಮಾಲೀಕನ ಮುಂದೆ ನಿಲ್ಲಿಸಿದ.

ಜಟ್ಟು ಕಡಲಿಗೆ ಇಳಿಯದೆ ವರ್ಷಗಳಾಗಿದ್ದವು. ಆದರೆ ಗಟಾರಿಯ ಧೈರ್ಯ ಸಣ್ಣದಲ್ಲ. “ನಾ ಬತ್ತೆ! ಸ್ಟೇರಿಂಗ್ ನಾನೇ ಹಿಡೀತೆ!” ಎಂದವನೇ ಮಾಬ್ಲೇಶ್ವರನ ಹೆಗಲು ಹಿಡಿದು, ಅವನ ಬಿಳಿ ಅಂಗಿಯ ಮೇಲೆ ತಿಂದದ್ದನ್ನೆಲ್ಲ ಕಾರಿದ. ಗತಾಹಾರದ ಅರ್ಥ ಆಗ ಎಲ್ಲರಿಗೂ ಸರಿಯಾಗಿ ಆಯಿತು.

“ಥೂ! ಕರ್ಕಂಡ್ ಹೋಗ್ ಮಾರಾಯಾ ಇಂವನ್ನ! ನೀನೂ ಬೇಡ, ನಿನ್ ಅಪ್ಪನೂ ಬೇಡ!”

ಎಲ್ಲರೆದುರು ಆಡಿದ ಮಾತು. ಕುಡಿದ ಬಾಟಲಿಯ ಹಾಗೆ ಅದನ್ನೂ ಹಿಂದೆ ತೆಗೆದುಕೊಳ್ಳಲು ಬರುವುದಿಲ್ಲ. ಕಿಶನ ಅಪ್ಪನನ್ನು ಬೆನ್ನಿಗೆ ಹೊತ್ತು ಮನೆಯ ಕಡೆ ನಡೆದ.

ದಾರಿಯಲ್ಲಿ ಜಟ್ಟು ಮಗನ ಕಿವಿಯ ಹತ್ತಿರ ಕೇಳಿದ, “ಬೈತಖೋಲದವ್ರು ಬಾಟ್ಲಿ ಕೊಡ್ತ್ರಾ?”

“ಜಾಕೆಟ್ ಕೊಡ್ತ್ರು.”

ಜಟ್ಟು ಮಗನ ಹೆಗಲಿಗೆ ಗದ್ದ ಊರಿದ. “ಅದೆಂತಾ ಹಬ್ಬ ರೇ ಮತ್ತೆ?”